ಅಪ್ಪನ ಹೇರಿನ ವಹಿ

2024ರ ಜುಲೈನಲ್ಲಿ ಅಂಕೋಲಾ ಹತ್ತಿರದ ಶಿರೂರಿನಲ್ಲಿ ಗುಡ್ಡ ಕುಸಿದದ್ದು ನಿಮಗೆ ನೆನಪಿರಬೇಕು. ಹೆದ್ದಾರಿ, ಅದರ ಬದಿಯ ಚಹಾದಂಗಡಿ, ಅಲ್ಲಿದ್ದ ಜನ, ಎಲ್ಲವೂ ಮಣ್ಣಿನ ಕೆಳಗೋ ಗಂಗಾವಳಿ ನದಿಗೋ ಹೋದವು. ಕಟ್ಟಿಗೆ ಹೇರಿಕೊಂಡು ಕೇರಳದ ಕಡೆ ಹೊರಟಿದ್ದ ಒಂದು ಲಾರಿ, ಅದರ ಡ್ರೈವರ್ ಸಮೇತ ಕಾಣೆಯಾಗಿತ್ತು. ಆಗ ಪುಣೆಯ ನಮ್ಮ ಫ್ಲ್ಯಾಟಿನಲ್ಲಿ ದಿನಾ ರಾತ್ರಿ ಊಟಕ್ಕೆ ಕೂತಾಗ ಅವ್ವ ಒಂದೇ ಪ್ರಶ್ನೆ ಕೇಳುತ್ತಿದ್ದಳು: “ತಮ್ಮಾ, ಆ ಲಾರಿ ಸಿಕ್ತೇನ?”

ಟೀವಿಯವರು ಎರಡು ವಾರಕ್ಕೆ ಬೇರೆ ಸುದ್ದಿಗೆ ಹೋದರು. ಅವ್ವ ಬಿಡಲಿಲ್ಲ. ಸೆಪ್ಟೆಂಬರ್ ಕೊನೆಗೆ ನದಿಯ ತಳದಿಂದ ಲಾರಿಯನ್ನು ಎತ್ತಿದರು, ಕ್ಯಾಬಿನ್ನಿನಲ್ಲಿ ದೇಹವೂ ಇತ್ತು. ಅಂದು ರಾತ್ರಿ ಅವ್ವ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದಳು: “ಮೂವತ್ತ ವರ್ಷ ನಾ ಅಗಳಿ ಹಾಕದ ಮಲಗೀನಿ. ನಿಮ್ಮಪ್ಪ ಎಷ್ಟೊತ್ತಿಗೆ ಬರತಾನೋ ಏನೋ ಅಂತ.”

ನಮ್ಮದು ಯಲ್ಲಾಪುರ ತಾಲ್ಲೂಕಿನ ಕಿರವತ್ತಿ ಕಡೆಯ ಹಳ್ಳಿ. ಅಪ್ಪ ಹದಿನಾಲ್ಕನೇ ವಯಸ್ಸಿಗೆ ಕ್ಲೀನರ್ ಆಗಿ ಲಾರಿ ಹತ್ತಿದವನು. 1966ರಲ್ಲಿ ಡ್ರೈವರ್ ಆದ. 1972ರಲ್ಲಿ ಹುಬ್ಬಳ್ಳಿಯ ಮಾಲಕರೊಬ್ಬರಿಂದ ಹಳೆಯ ಲಾರಿ ಕೊಂಡು ತಾನೇ ಮಾಲಕನೂ ಆದ. 2000ದವರೆಗೆ ಓಡಿಸಿದ. 2019ರಲ್ಲಿ ತೀರಿಕೊಂಡ. ಅವ್ವನನ್ನು ಪುಣೆಗೆ ಕರೆದುಕೊಂಡು ಬರುವಾಗ ಅಪ್ಪನ ಟ್ರಂಕಿನಲ್ಲಿ ಕೆಂಪು ಬಟ್ಟೆ ಹೊದಿಸಿದ ಉದ್ದನೆಯ ಮೂರು ವಹಿಗಳು ಸಿಕ್ಕವು. ಅಪ್ಪ ನಾಲ್ಕನೆಯ ಇಯತ್ತೆ ಓದಿದವನು. ಪ್ರತಿ ಟ್ರಿಪ್ಪಿಗೆ ಒಂದು ಸಾಲು: ತಾರೀಖು, ಎಲ್ಲಿಂದ ಎಲ್ಲಿಗೆ, ಏನು ಹೇರು, ಬಾಡಿಗೆ ಎಷ್ಟು, ಡಿಸೆಲ್ ಎಷ್ಟು, ಏನು ಮುರಿಯಿತು. ನಾನು ಎಂ.ಟೆಕ್ ಮಾಡಿ ಇಪ್ಪತ್ತು ವರ್ಷಗಳಿಂದ ಪ್ರಾಜೆಕ್ಟ್ ರಿಪೋರ್ಟ್ ಬರೆಯುತ್ತಿದ್ದೇನೆ. ಇಷ್ಟು ಚಿಕ್ಕದಾದ, ಇಷ್ಟು ನಿಜವಾದ ರಿಪೋರ್ಟ್ ಒಂದನ್ನೂ ಬರೆದಿಲ್ಲ.

ಶಿರೂರಿನ ಲಾರಿ ಸಿಕ್ಕ ಮೇಲೆ ಆ ವಹಿಗಳನ್ನು ಮೊದಲ ಬಾರಿಗೆ ಪುಟ ಬಿಡದೆ ಓದಿದೆ. ‘ಏನು ಹೇರು’ ಎಂಬ ಒಂದು ಕಾಲಮ್ಮನ್ನು ಮೇಲಿನಿಂದ ಕೆಳಗೆ ಓದಿಕೊಂಡು ಹೋದರೆ ನಮ್ಮ ಜಿಲ್ಲೆಯ ಚರಿತ್ರೆಯೇ ಸಿಗುತ್ತದೆ. ರಸ್ತೆಯನ್ನು ಯಾರು ಯಾವಾಗ ಕಟ್ಟಿದರು ಎಂಬುದು ಗ್ಯಾಸೆಟಿಯರ್‌ಗಳಲ್ಲಿ ಇರುತ್ತದೆ. ಯಾರಿಗಾಗಿ ಕಟ್ಟಿದರು ಎಂದು ತಿಳಿಯಬೇಕಾದರೆ ಅದರ ಮೇಲೆ ಏನು ಇಳಿಯಿತು, ಏನು ಏರಿತು ಎಂದು ನೋಡಬೇಕು.

ಲಾರಿಗೆ ಮೊದಲು ಹೇರೆತ್ತುಗಳಿದ್ದವು. ಲಂಬಾಣಿಗರು ಎತ್ತಿನ ಬೆನ್ನ ಮೇಲೆ ಕರಾವಳಿಯ ಉಪ್ಪನ್ನು ಘಟ್ಟ ಹತ್ತಿಸಿ, ಬಯಲುಸೀಮೆಯ ಕಾಳುಕಡಿ ಇಳಿಸುತ್ತಿದ್ದರು. ಆ ದಾರಿಗಳು ಗಾಡಿ ಹೋಗುವಷ್ಟು ಅಗಲವಾದದ್ದು ಹತ್ತಿಯಿಂದ. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಅಲ್ಲಿಯ ಹತ್ತಿ ನಿಂತಾಗ ಮ್ಯಾಂಚೆಸ್ಟರಿನ ಗಿರಣಿಗಳ ಕಣ್ಣು ಧಾರವಾಡದ ಹತ್ತಿಯ ಮೇಲೆ ಬಿತ್ತು. ಆ ಹತ್ತಿ ಹಡಗು ಹತ್ತಬೇಕಾದರೆ ಘಟ್ಟ ಇಳಿಯಬೇಕು. ಘಟ್ಟದ ಕೆಳಗಿನ ನಮ್ಮ ಜಿಲ್ಲೆ ಆಗ ಮದ್ರಾಸ್ ಪ್ರಾಂತ್ಯದಲ್ಲಿತ್ತು, ಮೇಲಿನ ಧಾರವಾಡ ಮುಂಬಯಿ ಪ್ರಾಂತ್ಯದಲ್ಲಿ. 1862ರಲ್ಲಿ ಉತ್ತರ ಕನ್ನಡವನ್ನು ಮುಂಬಯಿಗೆ ಸೇರಿಸಿದರು. ಕಾರವಾರವನ್ನು ಹತ್ತಿಯ ಬಂದರು ಮಾಡುವ ಲೆಕ್ಕಾಚಾರ ಅದರ ಹಿಂದಿತ್ತು. ಕುಮಟಾ ಬಂದರಿನಿಂದ ಹೋಗುವ ಹತ್ತಿಗಂತೂ ಪೇಟೆಯಲ್ಲಿ ‘ಕುಮಟಾ’ ಎಂದೇ ಹೆಸರು. ಕುಮಟಾದಲ್ಲಿ ಹತ್ತಿ ಬೆಳೆಯುವುದೇ ಇಲ್ಲ! ಬೆಳೆದವನ ಊರಿನ ಹೆಸರು ಹೋಯಿತು, ಹಾದುಹೋದ ಊರಿನ ಹೆಸರು ಉಳಿಯಿತು.

1888ರ ಹೊತ್ತಿಗೆ ಕ್ಯಾಸಲ್‌ರಾಕ್ ಮೇಲೆ ಗೋವೆಯ ಮುರಗಾವ ಬಂದರಿಗೆ ರೈಲು ಹೋಯಿತು. ಹತ್ತಿ ಆ ಕಡೆ ತಿರುಗಿತು. ಕಾರವಾರಕ್ಕೆ ರೈಲು ಕಾಣಲು ಕೊಂಕಣ ರೈಲ್ವೆ ಬರುವವರೆಗೆ, ಅಂದರೆ ಮತ್ತೆ ನೂರು ವರ್ಷ ಕಾಯಬೇಕಾಯಿತು. ಹುಬ್ಬಳ್ಳಿ–ಅಂಕೋಲಾ ರೈಲಿನ ಮಾತು ನಾನು ಹುಟ್ಟಿದಾಗಿನಿಂದ ಕೇಳುತ್ತಿದ್ದೇನೆ, ಆ ದಾರಿಯಲ್ಲಿ ರೈಲು ಇನ್ನೂ ಘಟ್ಟ ಇಳಿದಿಲ್ಲ. ಹಾಗಾಗಿ ಘಟ್ಟದ ಮೇಲಿಂದ ಕೆಳಕ್ಕೆ ಹೋಗುವ ಭಾರವೆಲ್ಲ ಲಾರಿಯ ತಲೆಯ ಮೇಲೆ, ಲಾರಿಯ ಭಾರವೆಲ್ಲ ಡ್ರೈವರನ ತಲೆಯ ಮೇಲೆ.

ಲಾರಿ ಎಂದಾಗ ಈ ಪತ್ರಿಕೆ ಓದುವ ಎಲ್ಲ ಊರಿನವರಿಗೂ ಒಂದು ಪಾಲಿದೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ಮಿಲಿಟರಿಯವರು ಮಾರಿದ ಹಳೆಯ ಫೋರ್ಡ್, ಶೆವ್ರೊಲೆ ಗಾಡಿಗಳೇ ಮೊದಮೊದಲು ಕಾಡಿನ ರಸ್ತೆಗೆ ಬಂದವು. ಆಮೇಲೆ ಮುಂಬಯಿಯ ಕುರ್ಲಾದಿಂದ ಪ್ರೀಮಿಯರ್ ಕಂಪನಿಯ ಡಾಡ್ಜ್ ಮತ್ತು ಫಾರ್ಗೊ ಬಂದವು. ಮದ್ರಾಸಿನ ಎಣ್ಣೂರಿನಿಂದ ಲೇಲ್ಯಾಂಡ್ ಬಂತು. 1954ರಲ್ಲಿ ಟಾಟಾ ಕಂಪನಿ ಜರ್ಮನಿಯ ಡೈಮ್ಲರ್-ಬೆಂಜ್ ಜೊತೆ ಸೇರಿ ಜಮ್ಶೆಡ್‌ಪುರದಲ್ಲಿ ಲಾರಿ ಮಾಡಲು ಶುರುಮಾಡಿತು. ಆ ಒಪ್ಪಂದ ಹದಿನೈದು ವರ್ಷ ನಡೆಯಿತು. 1969ರವರೆಗೆ ಬಂದ ಲಾರಿಗಳ ಮೂತಿಯ ಮೇಲೆ ಮೂರು ಮೂಲೆಯ ನಕ್ಷತ್ರ, ಆಮೇಲೆ ಬಂದವುಗಳ ಮೇಲೆ ‘ಟಿ’ ಅಕ್ಷರ. ಅಪ್ಪ ಕೊಂಡದ್ದು ನಕ್ಷತ್ರದ ಲಾರಿ. ನಮ್ಮ ಕಡೆ ಅದಕ್ಕೆ ‘ಬೆಂಜ್ ಗಾಡಿ’ ಅನ್ನುತ್ತಿದ್ದರು. ಜಗತ್ತಿನಲ್ಲಿ ಬೆಂಜ್ ಎಂಬ ಕಾರೂ ಇದೆ ಎಂದು ನನಗೆ ತಿಳಿದದ್ದು ಕಾಲೇಜಿಗೆ ಹೋದ ಮೇಲೆ.

ಈಗ ನಾನಿರುವ ಪಿಂಪ್ರಿ-ಚಿಂಚವಾಡದಲ್ಲೂ ಟಾಟಾದವರ ದೊಡ್ಡ ಕಾರ್ಖಾನೆಯಿದೆ. 1977ರಿಂದ ಇಲ್ಲಿಂದಲೂ ಲಾರಿಗಳು ಹೊರಬರುತ್ತಿವೆ. ಆಫೀಸಿಗೆ ಹೋಗುವಾಗ ಸಾಲಾಗಿ ನಿಂತ ಹೊಸ ಚಾಸಿಗಳನ್ನು ನೋಡುತ್ತೇನೆ. ಪವರ್ ಸ್ಟೇರಿಂಗ್, ಏರ್‌ಬ್ರೇಕ್, ಎಸಿ ಕ್ಯಾಬಿನ್. ಅಪ್ಪನ ಗಾಡಿಗೆ ಇವು ಯಾವುವೂ ಇರಲಿಲ್ಲ. ಚಳಿಗಾಲದ ಬೆಳಿಗ್ಗೆ ಹೀಟರಿನ ಸ್ವಿಚ್ಚು ಎಳೆದು ಹಿಡಿದು, ಡ್ಯಾಶ್‌ಬೋರ್ಡಿನ ಸಣ್ಣ ತಂತಿ ಕೆಂಪಾಗುವವರೆಗೆ ಕಾದು, ಆಮೇಲೆ ಸ್ಟಾರ್ಟರ್ ಒತ್ತಬೇಕು. ಎಂಜಿನ್ ಕೆಮ್ಮಿ ಕೆಮ್ಮಿ ಎದ್ದು, ಅಂಗಳವೆಲ್ಲ ಬಿಳಿ ಹೊಗೆ ತುಂಬಿ, ಅವ್ವ ಒಳಗಿನಿಂದ ಬೈಯುವುದು ನಮ್ಮ ಮನೆಯ ಸುಪ್ರಭಾತ.

ವಹಿಯ ಮೊದಲ ಪುಸ್ತಕದ ತುಂಬ ಒಂದೇ ಹೇರು: ಬಿದಿರು. ದಾಂಡೇಲಿಯ ಕಾಗದ ಕಾರ್ಖಾನೆ ಹುಟ್ಟಿದ್ದು 1955ರಲ್ಲಿ, ಏಕೀಕರಣಕ್ಕೆ ಒಂದು ವರ್ಷ ಮೊದಲು. ಅದಕ್ಕೆ ಬೇಕಾದ ಬಿದಿರಿಗಾಗಿ ಕಾಡಿನೊಳಗೆ ಕೂಪಿನ ರಸ್ತೆಗಳು ಹುಟ್ಟಿಕೊಂಡವು. ಅವು ವರ್ಷಕ್ಕೊಮ್ಮೆ ಹುಟ್ಟಿ ವರ್ಷಕ್ಕೊಮ್ಮೆ ಸಾಯುವ ರಸ್ತೆಗಳು. ಮಳೆ ನಿಂತು ದಸರೆ ಕಳೆದ ಮೇಲೆ ಹಳ್ಳಕ್ಕೆ ಮರದ ದಿಮ್ಮಿ ಅಡ್ಡಡ್ಡ ಜೋಡಿಸಿ, ಮೇಲೆ ಮಣ್ಣು ಹಾಕಿ ಲಾರಿ ದಾಟಿಸುತ್ತಿದ್ದರು. ಜೂನಿನಲ್ಲಿ ಮೊದಲ ದೊಡ್ಡ ಮಳೆಗೆ ಅದೆಲ್ಲ ಕೊಚ್ಚಿಹೋಗುತ್ತಿತ್ತು. ಬಿದಿರು ಲಾರಿಯ ಹಿಂದಕ್ಕೆ ಉದ್ದಕ್ಕೆ ಚಾಚಿರುತ್ತದೆ, ತುದಿಗೆ ಕೆಂಪು ಬಟ್ಟೆ. ತಗ್ಗಿಗೆ ಇಳಿದಾಗ ಆ ತುದಿ ನೆಲಕ್ಕೆ ತಾಗಿ ಲಾರಿಯ ಮೂತಿಯನ್ನೇ ಮೇಲಕ್ಕೆ ಎತ್ತುತ್ತಿತ್ತು. ಆಗ ಮುಂದಿನ ಗಾಲಿಗೆ ನೆಲ ಸಿಗದೆ ಸ್ಟೇರಿಂಗ್ ಹಗುರಾಗುತ್ತದೆ. “ಸ್ಟೇರಿಂಗ್ ಹಗರಾತು ಅಂದ್ರ ಭಾರ ಎಲ್ಲೋ ತಪ್ಪೇತಿ ಅಂತ ತಿಳೀಬೇಕ” ಎನ್ನುತ್ತಿದ್ದ ಅಪ್ಪ.

ಆ ಭಾರ ಎಲ್ಲಿ ತಪ್ಪಿತ್ತು ಎಂಬುದನ್ನು ಪರಿಸರ ವಿಜ್ಞಾನಿ ಮಾಧವ ಗಾಡಗೀಳರ ಬರಹಗಳಲ್ಲಿ ನಾನು ಬಹಳ ತಡವಾಗಿ ಓದಿದೆ. ಬುಟ್ಟಿ ಹೆಣೆಯುವ ಮೇದಾರರು ಬಿದಿರು ಸಿಗುತ್ತಿಲ್ಲವೆಂದು ದೂರಿದಾಗ, 1970ರ ದಶಕದಲ್ಲಿ ಕರ್ನಾಟಕ ಸರಕಾರ ಅವರಿಗೆ ಬಿದಿರಿನ ಸ್ಥಿತಿ ಅಧ್ಯಯನ ಮಾಡಲು ಹೇಳಿತು. ಆರಂಭದ ವರ್ಷಗಳಲ್ಲಿ ಕಾಗದ ಕಾರ್ಖಾನೆಗೆ ಬಿದಿರು ಸಿಗುತ್ತಿದ್ದದ್ದು ಟನ್ನಿಗೆ ಒಂದೂವರೆ ರೂಪಾಯಿಗೆ. ಮೇದಾರರು ಪೇಟೆಯಲ್ಲಿ ಅದಕ್ಕೆ ನೂರಾರು ಪಟ್ಟು ಕೊಡಬೇಕಿತ್ತು. ಇನ್ನೊಂದು ಸಂಗತಿಯನ್ನೂ ಅವರು ಗುರುತಿಸಿದರು. ಬಿದಿರಿನ ಬುಡದಲ್ಲಿ ಮುಳ್ಳಿನ ಹೊದಿಕೆ ಇರುತ್ತದೆ. ಕಡಿಯಲು ಅನುಕೂಲವಾಗಲೆಂದು ಆ ಮುಳ್ಳನ್ನು ಸವರಿ ಹಾಕುತ್ತಿದ್ದರು. ಮುಳ್ಳು ಹೋದ ಮೇಲೆ ಹೊಸ ಕಳಲೆಯನ್ನು ದನ, ಕಾಡುಪ್ರಾಣಿ ತಿಂದು ಮುಗಿಸುತ್ತಿದ್ದವು. ಮೆಳೆ ಅಲ್ಲಿಗೇ ಮುಗಿಯಿತು. ಮುಳ್ಳು ಸವರಬಾರದೆಂದು ಊರಿನವರಿಗೆ ಗೊತ್ತಿತ್ತು, ಕೇಳುವವರು ಇರಲಿಲ್ಲ.

ವಹಿಯಲ್ಲಿ ಅದೇ ಕತೆ ಬೇರೆ ರೀತಿಯಲ್ಲಿದೆ. ಮೊದಮೊದಲು ಕೂಪು ದಾಂಡೇಲಿಗೆ ಹತ್ತಿರ, ಒಂದು ಟ್ರಿಪ್ಪಿಗೆ ಡಿಸೆಲ್ ಕಡಿಮೆ. ವರ್ಷ ಹೋದಂತೆ ಕೂಪು ದೂರ ಹೋಗುತ್ತದೆ, ಡಿಸೆಲ್ಲಿನ ಅಂಕಿ ಏರುತ್ತದೆ, ‘ಪಾಟಾ ಮುರಿತು’ ಎಂಬ ಮಾತು ಪದೇಪದೇ ಬರುತ್ತದೆ. ಕೊನೆಗೆ ಬಿದಿರು ಎಂಬ ಪದವೇ ಅಪರೂಪವಾಗಿ ‘ನೀಲಗಿರಿ’, ‘ಅಕೇಶಿಯಾ’ ಬರುತ್ತವೆ. ಕಾಡು ಮುಗಿಯಿತು ಎಂದು ಅಪ್ಪ ಎಲ್ಲೂ ಬರೆದಿಲ್ಲ.

ನಾನು ಸ್ಟೇರಿಂಗ್ ಹಿಡಿದದ್ದು ಆ ನೀಲಗಿರಿಯ ಕಾಲದಲ್ಲಿ. 1998ರ ಬೇಸಿಗೆ, ಇಂಜಿನಿಯರಿಂಗ್ ಎರಡನೇ ವರ್ಷ ಮುಗಿಸಿ ಊರಿಗೆ ಬಂದಿದ್ದೆ. ಕ್ಲೀನರ್ ಹುಡುಗ ಬಿಟ್ಟುಹೋಗಿದ್ದರಿಂದ ಆ ಕೆಲಸ ನನಗೆ ಬಂತು: ಹಗ್ಗ ಬಿಗಿಯುವುದು, ರೇಡಿಯೇಟರಿಗೆ ನೀರು ತರುವುದು, ಏರಿನಲ್ಲಿ ಗಾಡಿ ನಿಂತರೆ ಹಾರಿ ಇಳಿದು ಗಾಲಿಗೆ ಮರದ ತುಂಡು ಕೊಡುವುದು. ಖಾಲಿ ಬರುವಾಗ ಕಾಡಿನ ರಸ್ತೆಯಲ್ಲಿ ಅಪ್ಪ ನನಗೆ ಓಡಿಸಲು ಕೊಡುತ್ತಿದ್ದ. ಲೈಸೆನ್ಸ್ ಇತ್ತೇ ಎಂದು ಕೇಳಬೇಡಿ.

ಆ ಗೇರ್‌ಬಾಕ್ಸಿಗೆ ಈಗಿನಂತೆ ಹಲ್ಲುಗಳ ವೇಗವನ್ನು ತಾನೇ ಹೊಂದಿಸಿಕೊಳ್ಳುವ ವ್ಯವಸ್ಥೆ ಇರಲಿಲ್ಲ. ಕೆಳಗಿನ ಗೇರಿಗೆ ಬರಬೇಕಾದರೆ ಕ್ಲಚ್ ಒತ್ತಿ ನ್ಯೂಟ್ರಲ್ಲಿಗೆ ತರಬೇಕು, ಕ್ಲಚ್ ಬಿಡಬೇಕು, ರೇಸ್ ಕೊಟ್ಟು ಎಂಜಿನ್ನಿನ ವೇಗ ಏರಿಸಬೇಕು, ಮತ್ತೆ ಕ್ಲಚ್ ಒತ್ತಿ ಗೇರ್ ಹಾಕಬೇಕು. ರೇಸ್ ಕಡಿಮೆಯಾದರೆ ಗರ್ರ್ ಎಂದು ಹಲ್ಲು ಮಸೆಯುತ್ತದೆ, ಗೇರ್ ಬೀಳುವುದಿಲ್ಲ. ಕಿವಿಯಿಂದ ಅಳೆಯಬೇಕಾದ ಲೆಕ್ಕ ಅದು. ಇದೇ ಲೆಕ್ಕವನ್ನು ನಾನು ಪುಸ್ತಕದಲ್ಲಿ ಓದಿ ಪರೀಕ್ಷೆಯಲ್ಲಿ ಒಳ್ಳೆಯ ಮಾರ್ಕು ತೆಗೆದಿದ್ದೆ.

ಒಂದು ಸಂಜೆ ಹೇರಿದ ಗಾಡಿಯನ್ನೇ ಓಡಿಸುತ್ತೇನೆ ಎಂದು ಹಟ ಹಿಡಿದೆ. ಹಳ್ಳದ ಕಡೆಗಿನ ಇಳುಕಲಿನಲ್ಲಿ ಮೂರರಿಂದ ಎರಡಕ್ಕೆ ತರಲು ಹೋಗಿ ಗೇರ್ ಬೀಳಲಿಲ್ಲ. ನ್ಯೂಟ್ರಲ್ಲಿನಲ್ಲಿ ಹತ್ತು ಟನ್ ಗಾಡಿ ತಾನಾಗಿ ಓಡತೊಡಗಿತು. ಬ್ರೇಕ್ ಒತ್ತಿದರೆ ಕಾದ ಲೈನರಿನ ವಾಸನೆ ಬರುತ್ತಿದೆ, ಗಾಡಿ ನಿಲ್ಲುತ್ತಿಲ್ಲ. ಅಪ್ಪ ಕೂಗಲಿಲ್ಲ. ನನ್ನ ಕೈಯ ಮೇಲೆ ತನ್ನ ಕೈ ಇಟ್ಟು, “ಕ್ಲಚ್ ಬಿಡು. ರೇಸ್ ಕೊಡು. ಇನ್ನೂ ಕೊಡು. ಈಗ ಒತ್ತು” ಅಂದ. ಗೇರ್ ಬಿತ್ತು. ಎಂಜಿನ್ ಒದರಿಕೊಂಡು ಇಡೀ ಭಾರವನ್ನು ಹಿಡಿದುಕೊಂಡಿತು. ದಿಮ್ಮಿಯ ಸೇತುವೆ ದಾಟಿದ ಮೇಲೆ ಅಪ್ಪ ಗಾಡಿ ನಿಲ್ಲಿಸಿಸಿ, ನೀರು ಕುಡಿದು, ಒಂದೇ ಮಾತು ಹೇಳಿದ: “ಏರಾಕ ಯಾ ಗೇರೋ, ಇಳಿಯಾಕೂ ಅದ ಗೇರ. ಇಳಿಯೂದು ಸರಳ ಅಂತ ತಿಳಕೋಬ್ಯಾಡ.”

ಆ ದಿನದ ಸಾಲು ವಹಿಯಲ್ಲಿ ಸಿಕ್ಕಿತು. ಕೊನೆಯ ಕಾಲಮ್ಮಿನಲ್ಲಿ ಬರೆದಿದ್ದಾನೆ: “ತಮ್ಮ ಓಡಸಿದ. ಏನೂ ಮುರೀಲಿಲ್ಲ.”

ನಾನು ಈ ಲೇಖನ ಬರೆಯಲು ಕಾರಣವಾದದ್ದು ಎರಡನೇ ವಹಿಯ ಕೆಲವು ಪುಟಗಳು. ಅದರ ಮೊದಲ ಅರ್ಧದಲ್ಲಿ ಮತ್ತೆ ಮತ್ತೆ ಬರುವುದು ‘ಗಣೇಶಗುಡಿ, ಸಿಮೆಂಟ್’. ಕಾಳಿ ನದಿಗೆ ಸೂಪಾ ಅಣೆಕಟ್ಟು ಏಳುತ್ತಿದ್ದ ಕಾಲ. ನೂರು ಮೀಟರಿಗೂ ಎತ್ತರದ ಕಾಂಕ್ರೀಟ್ ಗೋಡೆ ಅದು. ಅದಕ್ಕೆ ಬೇಕಾದ ಸಿಮೆಂಟು, ಕಬ್ಬಿಣ ಎಲ್ಲ ಇಂಥ ಲಾರಿಗಳ ಬೆನ್ನ ಮೇಲೆ ಘಟ್ಟದ ತಿರುವುಗಳನ್ನು ಹಾದು ಹೋಯಿತು. ಅದೇ ವಹಿಯ ಉತ್ತರಾರ್ಧದಲ್ಲಿ, 1980ರ ದಶಕದಲ್ಲಿ, ಹೇರು ತಿರುಗುತ್ತದೆ: ‘ಸೂಪಾ–ರಾಮನಗರ, ಮನಿ ಸಾಮಾನ’. ಮತ್ತೆ ಮರುದಿನ ಅದೇ. ಮತ್ತೆ ಅದೇ.

ಸೂಪಾ ಕಾಳಿ ಮತ್ತು ಪಾಂಢರಿ ನದಿಗಳು ಕೂಡುವಲ್ಲಿದ್ದ ಊರು. ಪೇಟೆಯಿದ್ದ, ಗುಡಿಯಿದ್ದ, ಸೇತುವೆಯಿದ್ದ ತಾಲ್ಲೂಕಿನ ಮುಖ್ಯ ಊರು. ಅಣೆಕಟ್ಟಿನ ನೀರು ನಿಂತಾಗ ಊರು ಮುಳುಗಿತು. ತಾಲ್ಲೂಕಿನ ಕಚೇರಿಗಳು ಜೋಯಿಡಾಕ್ಕೆ ಹೋದವು. ಬಹಳಷ್ಟು ಜನರಿಗೆ ಬೆಳಗಾವಿ–ಗೋವಾ ರಸ್ತೆಯ ಮೇಲಿನ ರಾಮನಗರದಲ್ಲಿ ಜಾಗ ಕೊಟ್ಟರು. ಬೇಸಿಗೆಯಲ್ಲಿ ನೀರು ಬಹಳ ಇಳಿದ ವರ್ಷ ಹಳೆಯ ಊರಿನ ಗುರುತುಗಳು ಈಗಲೂ ಮೇಲೆ ಕಾಣುತ್ತವೆ.

ಜನ ಏನೇನು ಹೇರಿದರು ಎಂದು ಅವ್ವನನ್ನು ಕೇಳಿದೆ. ಅಪ್ಪ ಅವಳಿಗೆ ಹೇಳಿದ್ದನಂತೆ. ಹಂಚು ಇಳಿಸಿ ಎಣಿಸಿ ಹುಲ್ಲಿನ ಮೇಲೆ ಜೋಡಿಸುತ್ತಿದ್ದರು. ಜಂತಿ, ತೊಲೆ, ಕಿಟಕಿ, ಬಾಗಿಲು ಬಿಚ್ಚುತ್ತಿದ್ದರು. ಒಂದು ಮನೆಯವರು ಒಲೆಯ ಕಲ್ಲುಗಳನ್ನೂ ಬಿಡಲಿಲ್ಲ. ಮುದುಕಿಯೊಬ್ಬಳು ಕ್ಯಾಬಿನ್ನಿನಲ್ಲಿ ಕೂರಲು ಒಪ್ಪದೆ, ಬಿಚ್ಚಿದ ತನ್ನ ಮನೆಯ ಸಾಮಾನಿನ ಮೇಲೆಯೇ ಕೂತು ಹಿಂದಕ್ಕೆ ನೋಡುತ್ತ ಹೋದಳು. ಅಪ್ಪ ಅವತ್ತು ಇಡೀ ದಾರಿ ಎರಡನೇ ಗೇರಿನಲ್ಲೇ ಹೋದನಂತೆ.

ಆ ಪುಟದಲ್ಲಿ ಒಂದು ಸಾಲಿಗೆ ಬಾಡಿಗೆಯ ಜಾಗದಲ್ಲಿ ಅಂಕಿ ಇಲ್ಲ. ‘ಬಾಗಲಾ’ ಎಂದಷ್ಟೇ ಇದೆ.

ಅದು ನಮ್ಮ ಮನೆಯ ತಲೆಬಾಗಿಲು. ಸಾಗವಾನಿಯ ಚೌಕಟ್ಟು, ಮೇಲೆ ಕಮಲದ ಕೆತ್ತನೆ. ಅದರ ಹೊಸ್ತಿಲ ಮೇಲೆ ಕೂತು ನಾನು ಮಗ್ಗಿ ಕಲಿತೆ. ಎಲ್ಲಿಂದ ಬಂತೆಂದು ನಾನು ಯಾವತ್ತೂ ಕೇಳಿರಲಿಲ್ಲ. ಪರಿಹಾರದ ಹಣ ಇನ್ನೂ ಕೈಗೆ ಬರದ ಒಂದು ಮನೆಯವರು ಬಾಡಿಗೆ ಕೊಡಲಾಗದೆ ತಮ್ಮ ತಲೆಬಾಗಿಲನ್ನೇ ಕೊಟ್ಟಿದ್ದರು. ಅಪ್ಪ ತೆಗೆದುಕೊಂಡ. ಆಗ ಲಾರಿಯ ಸಾಲ ಇತ್ತು, ಮನೆಯಲ್ಲಿ ನಾವು ಮೂವರು ಮಕ್ಕಳು. ನನ್ನ ಫೀಜು ಬಂದದ್ದೂ ಅದೇ ವಹಿಯಿಂದ: ಬಿದಿರಿನಿಂದ, ಸಿಮೆಂಟಿನಿಂದ, ಮುಳುಗಿದ ಊರಿನ ಹಂಚಿನಿಂದ. ಅವ್ವ ಅಗಳಿ ಹಾಕದೆ ಬಿಡುತ್ತಿದ್ದ ಬಾಗಿಲೂ ಅದೇ.

ಆ ‘ಬಾಗಲಾ’ ಪದದ ಮುಂದೆ, ಬೇರೆ ಬಣ್ಣದ ಶಾಯಿಯಲ್ಲಿ, ಮುಂದೆಂದೋ ಬರೆದ ಇನ್ನೊಂದು ಪದವಿದೆ: ‘ಹೆಚ್ಚಾತು’.

2000ದ ನಂತರ ಅಪ್ಪ ಲಾರಿ ಮಾರಿ ಮನೆಯಲ್ಲಿ ಉಳಿದ. ಅದೇ ಹೊತ್ತಿಗೆ ನಮ್ಮೂರಿನ ಮುಂದಿನ ಹೆದ್ದಾರಿಗೆ ಬಳ್ಳಾರಿ–ಹೊಸಪೇಟೆಯ ಅದಿರು ಬಂತು. ಹಗಲು ರಾತ್ರಿ ಲಾರಿಗಳ ಸಾಲು ಅರಬೈಲು ಘಟ್ಟ ಇಳಿದು ಕಾರವಾರ, ಬೇಲೆಕೇರಿ ಬಂದರುಗಳಿಗೆ ಹೋಗುತ್ತಿತ್ತು. ಅಪ್ಪ ರಸ್ತೆ ಬದಿಯ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದ. ತೂಕದ ಕಾಟಾ ಅವನಿಗೆ ಬೇಕಿರಲಿಲ್ಲ. “ಪಾಟಾ ನೋಡು, ನೆಟ್ಟಗ ಆಗೇತಿ. ಇದು ಕಾಯ್ದೆದ ಭಾರ ಅಲ್ಲ.” ಅದಿರಿನ ಲಾರಿಗಳನ್ನು ಊರಿನವರು ಬೈದರೆ ಮಾತ್ರ ಅವನಿಗೆ ಸಿಟ್ಟು ಬರುತ್ತಿತ್ತು. “ಡ್ರೈವರಗ ಟ್ರಿಪ್ಪಿನ ಮ್ಯಾಲೆ ರೊಕ್ಕ. ಅಂವಾ ಏನ ಮಾಡ್ಯಾನು? ಹೇರಿದವನ್ನ ಕೇಳ್ರಿ.” 2010ರಲ್ಲಿ ರಾಜ್ಯದ ಬಂದರುಗಳಿಂದ ಅದಿರು ರಫ್ತು ನಿಂತಿತು. ಬೇಲೆಕೇರಿಯಲ್ಲಿ ಜಪ್ತಿ ಮಾಡಿಟ್ಟ ಅದಿರೇ ಕಾಣೆಯಾದ ಸುದ್ದಿ ಬಂತು. 2011ರ ಜುಲೈನಲ್ಲಿ ಲೋಕಾಯುಕ್ತ ಸಂತೋಷ ಹೆಗ್ಡೆಯವರ ವರದಿ ಹೊರಬಿತ್ತು. ಹೇರಿದವರನ್ನು ಕೊನೆಗೂ ಯಾರೋ ಕೇಳಿದರು ಎಂದು ಅಪ್ಪ ಅಂದು ಎರಡು ಸಲ ಚಹಾ ಕುಡಿದ. ಆ ವೇಳೆಗೆ ಘಟ್ಟದ ರಸ್ತೆ ಗುಂಡಿಗಳ ಸಾಲಾಗಿತ್ತು. ಹತ್ತು ವರ್ಷದ ನಂತರ, 2021ರ ಜುಲೈ ಮಳೆಗೆ ಅರಬೈಲಿನಲ್ಲಿ ಗುಡ್ಡ ಜಾರಿ ರಸ್ತೆಯೇ ಬಂದಾಯಿತು. ನಮ್ಮದೇ ತಾಲ್ಲೂಕಿನ ಕಳಚೆಯಲ್ಲಿ ನೆಲ ಕುಸಿದು ಜನ ಮನೆ ಬಿಡಬೇಕಾಯಿತು. ಅದನ್ನು ನೋಡಲು ಅಪ್ಪ ಇರಲಿಲ್ಲ.

ಉಪ್ಪು, ಹತ್ತಿ, ಬಿದಿರು, ಸಿಮೆಂಟು, ಮನೆ, ಅದಿರು. ಏರಿದ್ದು, ಇಳಿದದ್ದು ಎರಡೂ ವಹಿಯಲ್ಲಿದೆ. ಅಪ್ಪನಂಥವರು ಯಾವುದನ್ನೂ ಆಯ್ಕೆ ಮಾಡಲಿಲ್ಲ. ಆದರೆ ಯಾವುದನ್ನೂ ಬರೆಯದೆ ಬಿಡಲೂ ಇಲ್ಲ. ಆ ಕಾರಣಕ್ಕೇ ‘ಹೆಚ್ಚಾತು’ ಎಂಬ ಪದ ನನ್ನ ಕೈಗೆ ಬಂದಿದೆ.

ಈಗ ಊರಿನ ಮನೆ ಮಾರುವ ಮಾತು ನಡೆದಿದೆ. ಕೊಳ್ಳಲು ಬಂದವರು ಬಾಗಿಲಿಗೆ ಬೇರೆಯಾಗಿ ಒಳ್ಳೆಯ ಬೆಲೆ ಹೇಳಿದರು, ಹಳೆಯ ಕೆತ್ತನೆಗೆ ಈಗ ಬೇಡಿಕೆ ಇದೆಯಂತೆ. ಅವ್ವ ಒಪ್ಪಲಿಲ್ಲ. “ಒಂದ ಟ್ರಿಪ್ಪಿಗೆ ಒಂದ ಬಾಗಲಾ? ನಿಮ್ಮಪ್ಪನೇ ಹೆಚ್ಚಾತು ಅಂತ ಬರದಾನಲ್ಲ. ಕೊಡೂದು ನಮ್ದೇ ಐತಿ.” ವಹಿಯಲ್ಲಿ ಆ ಮನೆಯವರ ಹೆಸರಿದೆ. ಇಲ್ಲಿ ಅದನ್ನು ಬರೆಯುವುದಿಲ್ಲ, ಅವರಿಗೆ ಇಷ್ಟವಾಗದಿರಬಹುದು. ಮಳೆ ನಿಂತ ಮೇಲೆ ಅವ್ವನನ್ನು ಕರೆದುಕೊಂಡು ರಾಮನಗರಕ್ಕೆ ಹೋಗಿ ಕೇಳಬೇಕೆಂದಿದ್ದೇನೆ. ಸೂಪಾದ ಮಕ್ಕಳು, ಮೊಮ್ಮಕ್ಕಳು ನಮ್ಮ ಹಾಗೆಯೇ ಪುಣೆಗೋ ಮುಂಬಯಿಗೋ ಬಂದಿರಲೂಬಹುದು, ಇದನ್ನು ಓದುತ್ತಿರಲೂಬಹುದು. ಕಮಲದ ಕೆತ್ತನೆಯ ಒಂದು ಬಾಗಿಲ ಬಗ್ಗೆ ನಿಮ್ಮ ಮನೆಯಲ್ಲಿ ಹಿರಿಯರು ಎಂದಾದರೂ ಮಾತಾಡಿದ್ದು ಕೇಳಿದ್ದರೆ ದಯವಿಟ್ಟು ಪತ್ರಿಕೆಗೆ ಬರೆಯಿರಿ. ಬಾಗಿಲು ಗಟ್ಟಿಯಾಗಿದೆ. ತಂದು ಕೊಡಲು ಲಾರಿಯ ಬಾಡಿಗೆ ನಮ್ಮದು.